ಬುಧವಾರ ಹುಟ್ಟಿದವರ ಪಾಠ

ಹತ್ತನೆಯ ಹುಡುಗ ಕ್ವಾಕು ಆ ದಿನವೂ ಪಾಠಕ್ಕೆ ಚಕ್ಕರ್ ಹೊಡೆದಿದ್ದ. ಅಡೋಮಾಕೊ ಮೇಷ್ಟ್ರು ಬೆಂಚಿನ ಮೇಲಿದ್ದ ಮಕ್ಕಳನ್ನು ಮತ್ತೊಮ್ಮೆ ಎಣಿಸಿದರು.

ಕುಮಾಸಿ ಪಟ್ಟಣದ ಗ್ಯಾರೇಜು ಓಣಿಯ ಬಡಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಅವರು ಪುಕ್ಕಟೆ ಲೆಕ್ಕ ಹೇಳಿಕೊಡುತ್ತಿದ್ದರು. ಪರೀಕ್ಷೆಗೆ ಉಳಿದದ್ದು ಒಂದೇ ತಿಂಗಳು. ಆದರೆ ಆ ಕೋಣೆ ಮೇಲೆ ಹಾಡಿನ ತಂಡಕ್ಕೂ ಕಣ್ಣು. ಚರ್ಚಿನ ಹಿರಿಯ ಒಪೊಂಗ್ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು: ಇವತ್ತು ನಾಲ್ಕಕ್ಕೆ ಬಂದಾಗ ಬೆಂಚಿನ ಮೇಲೆ ಹತ್ತು ತಲೆ ಇರಬೇಕು, ಇಲ್ಲದಿದ್ದರೆ ಬೀಗದಕೈ ಹಾಡಿನವರಿಗೆ.

ಮೂರೂವರೆಗೆ ತಲೆ ಒಂಬತ್ತೇ. ಮೇಷ್ಟ್ರು ಬಾಲ ಸುಟ್ಟ ಬೆಕ್ಕಿನಂತೆ ಬಾಗಿಲಲ್ಲಿ ಸುತ್ತುವುದನ್ನು ನೋಡಿ, ಎದುರಿಗೆ ಕರಿದ ಬಾಳೆಹಣ್ಣು ಮಾರುವ ಸೆರ್ವಾಗೆ ಕರುಣೆ ಉಕ್ಕಿತು.

"ಅದಕ್ಯಾಕೆ ಹಿಂಗೆ ಬೆವರ್ತೀರಿ ಮೇಷ್ಟ್ರೇ? ಮೈಕಿರೋದು ಯಾತಕ್ಕೆ?" ಎಂದವಳೇ ಓಣಿಗೆಲ್ಲ ಸುದ್ದಿ ಸಾರುವ ಗೂಡಿಗೆ ಓಡಿದಳು. ಬೇಡ ಎನ್ನಲು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಕಂಬದ ಮೇಲಿನ ನಾಲ್ಕೂ ಧ್ವನಿವರ್ಧಕ ಗುಡುಗಿದವು. ಕ್ವಾಕು ಎಲ್ಲಿದ್ದರೂ ತಕ್ಷಣ ಚರ್ಚಿನ ಹಿಂದಿನ ಕೋಣೆಗೆ ಬರಬೇಕಂತೆ, ತಡವಾದರೆ ಕೆಟ್ಟನಂತೆ.

ಸೆರ್ವಾ ಮರೆತದ್ದು ಒಂದೇ ಒಂದು. ಆ ಊರಲ್ಲಿ ಬುಧವಾರ ಹುಟ್ಟಿದ ಗಂಡಸರೆಲ್ಲ ಕ್ವಾಕುಗಳೇ.

ಮೊದಲು ಬಂದವನು ವೆಲ್ಡಿಂಗ್ ಕ್ವಾಕು, ಕಪ್ಪು ಕನ್ನಡಕ ಹಣೆಗೇರಿಸಿಕೊಂಡು. ಆಮೇಲೆ ಟೈರ್ ಕ್ವಾಕು, ಕ್ಷೌರದ ಕ್ವಾಕು, ಅವನ ಹಿಂದೆಯೇ ಅರ್ಧ ಗಡ್ಡ ಬೋಳಿಸಿಕೊಂಡ ಇನ್ನೊಬ್ಬ ಕ್ವಾಕು. ಯಾರು ಸತ್ತರು ಎಂದು ಎಲ್ಲರೂ ಕೇಳುವವರೇ. ಪುಕ್ಕಟೆ ಪಾಠ ಎಂದು ತಿಳಿದ ಮೇಲಂತೂ ಒಬ್ಬನೂ ಏಳಲಿಲ್ಲ. ನಾಲ್ಕಕ್ಕೆ ಪುಟ್ಟ ಬೆಂಚುಗಳ ಮೇಲೆ ಹದಿಮೂರು ಧಡಿಯರು ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದರು. ಒಂಬತ್ತು ಮಕ್ಕಳು ಹಲ್ಲಿಗಳಂತೆ ಗೋಡೆಗಂಟಿದ್ದರು.

ಒಪೊಂಗ್ ಬಂದರು. ಮೇಷ್ಟ್ರು ತಪ್ಪೊಪ್ಪಿಕೊಳ್ಳುವ ಮೊದಲೇ ವೆಲ್ಡಿಂಗ್‌ನವನನ್ನು ಒತ್ತರಿಸಿ ಕೂತೇಬಿಟ್ಟರು.

"ಮೈಕಲ್ಲಿ ಕೂಗಿದ್ರಲ್ಲ, ನಾನೂ ಬುಧವಾರದವನೇ. ಮೊಮ್ಮಗಳು ಭಿನ್ನರಾಶಿ ಕೇಳಿದಾಗೆಲ್ಲ ನಂಗೆ ಪ್ರಾರ್ಥನೆ ನೆನಪಾಗುತ್ತೆ. ಶುರು ಮಾಡಿ."

ಪಾಠ ಮುಗಿದಾಗ ಹಿರಿಯರು ಖುಷಿಯಿಂದ ತೀರ್ಪು ಕೊಟ್ಟರು. ಕೋಣೆ ಮೇಷ್ಟ್ರದ್ದೇ. ಆದರೆ ನಾಳೆಯಿಂದ ಕ್ವಾಕುಗಳಿಗೆ ಮಾತ್ರ. ಮಕ್ಕಳಿಗೆ ಹೇಗೂ ಶಾಲೆಯಿದೆ, ಈ ಹೊತ್ತಲ್ಲಿ ಹೊರಗೆ ಹಾಡು ಕಲಿಯಲಿ.

ಮಕ್ಕಳ ಪರೀಕ್ಷೆ, ಎಂದು ಮೇಷ್ಟ್ರು ತೊದಲಿದರು.

"ನನ್ ಪರೀಕ್ಷೆ ಮನೇಲಿ ದಿನಾ ನಡೀತಿದೆ," ಎಂದರು ಒಪೊಂಗ್.

ಆಗ ಬಾಗಿಲಲ್ಲಿ, ಕಂಕುಳಲ್ಲಿ ಚೆಂಡು ಇರುಕಿಕೊಂಡು, ಏದುಸಿರು ಬಿಡುತ್ತ ಆ ಹತ್ತನೆಯ ಹುಡುಗ ಕಾಣಿಸಿಕೊಂಡ. ಹಿರಿಯರು ಹೆಸರು ಕೇಳಿದರು.

"ಕ್ವಾಕು."

"ಹಂಗಾದ್ರೆ ನೀನು ನಮ್ಮವನು ಕಣೋ. ದಿನಾ ಬರ್ಬೇಕು, ಮುಂದಿನ ಬೆಂಚು."

ಹುಡುಗ ಆ ಹದಿನಾಲ್ಕು ಮೀಸೆಗಳನ್ನು ಒಂದೊಂದಾಗಿ ನೋಡಿದ. ಮೆಲ್ಲಗೆ ಮೇಷ್ಟ್ರ ಕಿವಿಯ ಹತ್ತಿರ ಬಂದ.

"ಸಾರ್, ಅಮ್ಮ ಸುಳ್ಳು ಹೇಳಿದಾಳೆ. ನಾನು ಹುಟ್ಟಿದ್ದು ಗುರುವಾರ."