ಮಂಪರಪ್ಪನ ಫೋನು ಎಲ್ಲವನ್ನೂ ಮರೆತದ್ದು

ಒಳಗಿರುವ ಫೋಟೋಗಳನ್ನು ಅಳಿಸಿದರೆ ಫೋನು ಹಗುರಾಗುತ್ತದೆ ಎಂದು ಮಂಪರಪ್ಪ ಬಹಳ ಕಾಲ ನಂಬಿದ್ದ. ಮನಸ್ಸಿನಲ್ಲೇ ನಂಬಿಕೊಂಡು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಕೂರುವುದು ಪಾರ್ಸಲ್ ಕಚೇರಿಯ ಕೌಂಟರಿನಲ್ಲಿ. ತೂಕದ ಯಂತ್ರ ಮೊಣಕೈ ಪಕ್ಕದಲ್ಲೇ! ಒಂದು ದಿನ ಊಟದ ಬಿಡುವಿನಲ್ಲಿ ಫೋನನ್ನು ಅದರ ಮೇಲಿಟ್ಟ. ನೂರ ಎಂಬತ್ತೇಳು ಗ್ರಾಂ. ಎರಡು ಸಾವಿರ ಫೋಟೋ ಅಳಿಸಿ ಮತ್ತೆ ಇಟ್ಟ. ನೂರ ಎಂಬತ್ತೇಳು ಗ್ರಾಂ. ಯಂತ್ರ ಕೆಟ್ಟಿದೆ ಎಂದು ಸೂಪರ್‌ವೈಸರಿಗೆ ದೂರು ಬರೆದುಕೊಟ್ಟ. ಅವರು ದೂರನ್ನು ಓದಿ, ಅವನನ್ನು ನೋಡಿ, ದೂರನ್ನು ಮತ್ತೊಮ್ಮೆ ಓದಿ, "ಇದು ನನ್ ಹತ್ರಾನೇ ಇರ್ಲಿ ಕಣ್ರೀ. ಬೇಜಾರಾದಾಗ ಓದ್ಕೊಳ್ತೀನಿ" ಅಂದರು.

ಮಂಪರಪ್ಪ ಎಂಬುದು ಕಚೇರಿಯವರು ದಯಪಾಲಿಸಿದ ಬಿರುದು. ಹೆತ್ತವರಿಟ್ಟ ಹೆಸರು ಈಗ ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದುಕೊಂಡಿದೆ. ಅವನ ಕೈಗಳದ್ದು ಒಂದು ಸಂಸಾರ, ಮನಸ್ಸಿನದ್ದೇ ಇನ್ನೊಂದು. ಕೈ ಟೇಪು ಸುತ್ತುತ್ತದೆ, ಮುದ್ರೆ ಒತ್ತುತ್ತದೆ, ಚೀಟಿ ಅಂಟಿಸುತ್ತದೆ. ಮನಸ್ಸು ಪಾರ್ಸಲಿನ ಮೇಲಿನ ವಿಳಾಸ ಓದಿದ್ದೇ ತಡ, ತಾನೇ ಆ ಊರಿಗೆ ಹೊರಟುಬಿಡುತ್ತದೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ನಲವತ್ತು ಊರು ಸುತ್ತಿ ಸುಸ್ತಾಗಿ ಮರಳುತ್ತದೆ. ಸುಸ್ತು ಯಾಕೆ ಎಂದು ಹೆಂಡತಿ ಕೇಳಿದರೆ ಹೇಳುವುದಕ್ಕೆ ಬಾಯಿಲ್ಲ.

ಹೆಂಡತಿಗೆ ಹೇಳಲಾಗದ್ದನ್ನೆಲ್ಲ ಅವನು ಫೋನಿಗೆ ಹೇಳುತ್ತಿದ್ದ. ಧ್ವನಿ ಹಿಡಿಯುವ ಗುಂಡಿ ಒತ್ತಿ, ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಪಿಸುಗುಡುತ್ತಿದ್ದ. ಐದು ವರ್ಷದಲ್ಲಿ ಮುನ್ನೂರ ಹನ್ನೆರಡು ಕನಸುಗಳು. ಫೋನಿನ ಹೊಟ್ಟೆಯಲ್ಲಿ ಜಾಗ ಸಾಲದೆ ಅವೆಲ್ಲ ಉಗುರಿನಗಲದ ಮೆಮೊರಿ ಕಾರ್ಡಿಗೆ ಹೋಗಿ ಕೂತಿದ್ದವು.

ಹೊಸ ಫೋನು ಬಂತು. ಹಳೆಯದನ್ನು ಅತ್ತೆಗೆ ಕೊಡುವುದೆಂದು ತೀರ್ಮಾನವಾಯಿತು.

ಅತ್ತೆ ಎಂದರೆ ಸಾಮಾನ್ಯರಲ್ಲ. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಪ್ರಕಟಣೆ ಕೊಟ್ಟು ನಿವೃತ್ತರಾದವರು. ನಿಲ್ದಾಣ ಅವರನ್ನು ಬಿಟ್ಟರೂ ಅವರು ಧ್ವನಿವರ್ಧಕವನ್ನು ಬಿಟ್ಟಿರಲಿಲ್ಲ. ಅದು ಈಗ ಗಂಟಲಲ್ಲೇ ಇತ್ತು. ಎರಡು ಗಂಟೆ ದೂರದ ಊರಲ್ಲಿ, ಹಳಿಗಳ ಪಕ್ಕದಲ್ಲಿ ಅವರ ಮನೆ. ಆ ಮನೆಯ ಮೇಲಿನ ಬಾಡಿಗೆ ಕೋಣೆ ಹೋದ ತಿಂಗಳು ಖಾಲಿಯಾಗಿತ್ತು. ಕೋಣೆಗೆ ಒಂದು ಕಿಟಕಿ. ಕಿಟಕಿಯ ಕೆಳಗೆ ಇಡೀ ದಿನ ರೈಲುಗಳು.

ಮಂಪರಪ್ಪ ದಂಪತಿ ವಾಸವಾಗಿದ್ದದ್ದು ಒಂದು ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅದಕ್ಕೂ ಕಿಟಕಿ ಇತ್ತು, ತೆರೆದರೆ ಪಕ್ಕದ ಕಟ್ಟಡದ ಗೋಡೆ. ಗೋಡೆಯ ಮೇಲೊಂದು ತೇವದ ಕಲೆ. ಮಂಪರಪ್ಪ ಮೂರು ವರ್ಷದಿಂದ ಆ ಕಲೆಯನ್ನೇ ನೋಡಿ ನೋಡಿ, ಅದರಲ್ಲಿ ಒಂದು ದ್ವೀಪ, ಎರಡು ಹಡಗು, ಗಡ್ಡದ ಮುದುಕ ಒಬ್ಬ, ಇಷ್ಟನ್ನು ಕಂಡುಹಿಡಿದಿದ್ದ. ಇನ್ನು ಹೆಚ್ಚು ಕಂಡುಹಿಡಿಯುವ ಶಕ್ತಿ ಅವನಿಗಿರಲಿಲ್ಲ. ಅತ್ತೆಯ ಊರಿಗೇ ವರ್ಗ ಕೇಳಿದ್ದ, ಅದೂ ಸಿಕ್ಕಿತ್ತು. ಉಳಿದದ್ದು ಕೋಣೆ ಒಂದೇ. ಅದಕ್ಕೆ ಒಬ್ಬ ದಂತವೈದ್ಯರೂ ಕಣ್ಣು ಹಾಕಿದ್ದರು. "ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬನ್ನಿ, ಯಾರಿಗೆ ಅಂತ ಹೇಳ್ತೀನಿ" ಎಂದು ಅತ್ತೆ ಪ್ರಕಟಿಸಿದ್ದರು.

"ಅಮ್ಮಂಗೆ ಫೋನ್ ಮೊದಲೇ ಕಳಿಸಿದ್ರೆ ಚೆನ್ನಾಗಿರುತ್ತೆ ರೀ. ಮನಸ್ಸು ಕರಗುತ್ತೆ" ಅಂದಳು ಹೆಂಡತಿ. "ಆದ್ರೆ ಒಳಗಿರೋದನ್ನೆಲ್ಲ ಅಳಿಸಿ ಕಳ್ಸಿ. ನಿಮ್ಮ ಕಸ ಅವರಿಗ್ಯಾಕೆ?"

"ಅಳಿಸೋದಾ? ಎಂಥಾ ಮಾತು! ಈ ಫೋನಿಗೆ ನಾನು ಅಂತ ಒಬ್ಬ ಇದ್ದೆ ಅನ್ನೋದೇ ಮರ್ತುಹೋಗ್ಬೇಕು, ಹಾಗೆ ಅಳಿಸ್ತೀನಿ. ದೇಶದ ಗೂಢಚಾರರೆಲ್ಲ ಒಟ್ಟಿಗೆ ಬಂದು ಕೆದಕಿದ್ರೂ ನನ್ನ ಒಂದು ಕೂದಲೂ ಸಿಗ್ಬಾರ್ದು!"

"ಗೂಢಚಾರರು ಬರಲ್ಲ ರೀ. ಅಮ್ಮ ಇರೋದು."

"ಅದಕ್ಕೇ ಅಷ್ಟು ಜಾಗ್ರತೆ" ಅಂದ ಮಂಪರಪ್ಪ.

ಭಾನುವಾರ ಮಧ್ಯಾಹ್ನ ಯಜ್ಞ ಶುರುವಾಯಿತು. ಮಾಡಬೇಕಾದ ಕೆಲಸಗಳ ಪಟ್ಟಿ ಗೋಡೆಗೆ ಅಂಟಿಸಿ, ಹೆಂಡತಿಯನ್ನು ಅಕ್ಕನ ಮನೆಗೆ ಸಾಗಹಾಕಿ, ಒಬ್ಬನೇ ಕೂತ. ಬೇಕಾದದ್ದನ್ನು ಹೊಸ ಫೋನಿಗೆ ದಾಟಿಸಿದ. ಖಾತೆಗಳಿಂದ ಹೊರಬಂದ. ಸಿಮ್ ತೆಗೆದ. ಆಮೇಲೆ ಕಾರ್ಡನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ. ಐದು ವರ್ಷದ ಪಿಸುಮಾತು ಅಂಗೈಯಲ್ಲಿ ಒಂದು ಸೊಳ್ಳೆಯಷ್ಟೂ ಭಾರವಿರಲಿಲ್ಲ. ಇದನ್ನು ಅಳಿಸುವುದೇ? ಮನಸ್ಸು ಬರಲಿಲ್ಲ. ಸಣ್ಣ ಲಕೋಟೆಯೊಂದಕ್ಕೆ ಹಾಕಿ, ಟೇಪು ಸುತ್ತಿ, ಮೇಲೆ ಮುತ್ತಿನಂಥ ಅಕ್ಷರದಲ್ಲಿ "ಅತಿ ಮುಖ್ಯ. ಜೋಪಾನ" ಎಂದು ಬರೆದ.

ಕೊನೆಗೆ ಫೋನನ್ನೇ ಪೂರ್ತಿ ಅಳಿಸುವ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಲಾಂಡ್ರಿ ಯಂತ್ರಗಳು ಗೋಡೆಯಾಚೆ ಗುಯ್ಯೆಂದು ತಿರುಗುತ್ತಿದ್ದವು. ಫೋನಿನ ಪರದೆಯ ಮೇಲೂ ಒಂದು ಬಿಳಿ ಚಕ್ರ ತಿರುಗಿತು, ತಿರುಗಿತು. ಯಾರೋ ತನ್ನ ಹಗಲುಗಳನ್ನು ಸೋಪು ಹಾಕಿ ಒಗೆಯುತ್ತಿದ್ದಾರೆ ಅನ್ನಿಸಿತು ಮಂಪರಪ್ಪನಿಗೆ. ಹಠಾತ್ತನೆ ಪರದೆ ಬೆಳಗಿ, "ನಮಸ್ಕಾರ! ನಿಮ್ಮ ಭಾಷೆ ಆರಿಸಿಕೊಳ್ಳಿ" ಅಂದಿತು. ಐದು ವರ್ಷ ಇವನ ದಿಂಬಿನ ಕೆಳಗೆ ಮಲಗಿದ್ದ ಫೋನು! ಮದುವೆ ಮನೆಯಲ್ಲಿ ದೂರದ ನೆಂಟರು ಹಲ್ಲು ಕಿರಿದ ಹಾಗೆ ಕಿರಿಯಿತು. ಮಂಪರಪ್ಪನಿಗೆ ಒಂದು ಕ್ಷಣ ತಾನೇ ಸತ್ತು ಬಂದು ತನ್ನ ಮನೆಯ ಬಾಗಿಲು ತಟ್ಟಿದ ಹಾಗಾಯಿತು. ಅದೊಂದು ಹಗುರವಾದ, ತೇಲುವಂಥ ಸುಖ. ಆ ಸುಖದಲ್ಲೇ ತೇಲುತ್ತಾ ಫೋನಿಗೆ ಡಬ್ಬಿ ಕಟ್ಟಿದ.

ಸೋಮವಾರ ಬೆಳಿಗ್ಗೆ ತನ್ನ ಕೌಂಟರಿನಲ್ಲೇ ಪಾರ್ಸಲ್ ದಾಖಲಿಸಿ, ತಾನೇ ತೂಗಿ, ತಾನೇ ಮುದ್ರೆ ಒತ್ತಿ, ಚೀಲಕ್ಕೆ ಹಾಕಿದ. ಚೀಲ ಲಾರಿ ಹತ್ತಿತು.

ಸಂಜೆ ಹೆಂಡತಿ ಕೇಳಿದಳು: "ರೀ, ಆ ಕಾರ್ಡಲ್ಲಿ ನಮ್ಮ ಪ್ರವಾಸದ ಫೋಟೋ ಇತ್ತಲ್ಲ, ಎಲ್ಲಿಟ್ರಿ?"

"ಡ್ರಾದಲ್ಲಿದೆ ನೋಡು."

ಡ್ರಾದಲ್ಲಿರಲಿಲ್ಲ. ಬೀರುವಿನಲ್ಲಿರಲಿಲ್ಲ. ಶರ್ಟಿನ ಜೇಬು, ಮಂಚದ ಕೆಳಗೆ, ಸಕ್ಕರೆ ಡಬ್ಬಿ, ಎಲ್ಲೂ ಇರಲಿಲ್ಲ. ಮಂಪರಪ್ಪ ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿ ನೆನಪಿಸಿಕೊಂಡ. ಮನಸ್ಸಿಗೆ ಏನೂ ಗೊತ್ತಿರಲಿಲ್ಲ. ಅದು ಆಗ ತೇಲುತ್ತಿತ್ತಲ್ಲ. ಆದರೆ ಕೈಗಳಿಗೆ ಗೊತ್ತಿತ್ತು. ಪಾರ್ಸಲ್ ಕೌಂಟರಿನ ಮೊದಲ ಪಾಠ: ಸಾಮಾನಿನಿಂದ ಬಿಡಿಸಿದ ಭಾಗ ಯಾವುದೇ ಇರಲಿ, ಲಕೋಟೆಯಲ್ಲಿ ಹಾಕಿ, ಗುರುತು ಬರೆದು, ಅದೇ ಡಬ್ಬಿಯಲ್ಲಿಡತಕ್ಕದ್ದು. ಆರು ವರ್ಷ ಒಂದೇ ಒಂದು ತಿರುಪೂ ಕಳೆಯದ ಆ ನಿಷ್ಠಾವಂತ ಕೈಗಳು ಈ ಸಲವೂ ಕರ್ತವ್ಯ ಮರೆತಿರಲಿಲ್ಲ!

"ಅಯ್ಯೋ, ಫೋಟೋ ತಾನೇ? ಅಮ್ಮ ನೋಡ್ಲಿ ಬಿಡಿ" ಅಂದಳು ಹೆಂಡತಿ. ಆಮೇಲೆ ಅವನ ಮುಖ ನೋಡಿದಳು. "ಏನ್ರೀ? ಅದರಲ್ಲಿ ಇನ್ನೇನಿದೆ?"

ಒಪ್ಪಿಕೊಳ್ಳಬೇಕಾಯಿತು. ಕಾರ್ಡಿನಲ್ಲಿ ಕನಸುಗಳಿದ್ದವು. ಅದು ನಾಚಿಕೆಯ ವಿಷಯ, ಅಷ್ಟೇ. ಆದರೆ ಅತ್ತೆಯ ಮನೆಯಿಂದ ಮರಳುವ ಪ್ರತಿ ಬಸ್ಸಿನಲ್ಲೂ ಅವನು ಇನ್ನೊಂದು ಕೆಲಸ ಮಾಡುತ್ತಿದ್ದ. ಅತ್ತೆಯ ಎದುರು ನುಂಗಿಕೊಂಡ ಉತ್ತರಗಳನ್ನು ಫೋನಿಗೆ ಹೇಳುತ್ತಿದ್ದ. ಅತ್ತೆಯ ಮಾತು ಅತ್ತೆಯ ದನಿಯಲ್ಲಿ, ತನ್ನ ಮಾತು ಸಿಂಹದ ದನಿಯಲ್ಲಿ!

"ನನ್ನ ಅಮ್ಮನ್ನ ಅಣಕಿಸ್ತೀರಾ?" ಹೆಂಡತಿಯ ಹುಬ್ಬು ನೆತ್ತಿಗೇರಿತು. "ಎಲ್ಲಿ, ಮಾಡಿ ತೋರ್ಸಿ!"

"ಬೇಡ ಕಣೇ."

"ಮಾಡಿ ಅಂದ್ನಲ್ಲ!"

ಮಂಪರಪ್ಪ ಮೂಗು ಹಿಡಿದುಕೊಂಡ. "ದಯವಿಟ್ಟು ಗಮನಿಸಿ. ಅಳಿಯಂದಿರ ಬುದ್ಧಿ ಇಪ್ಪತ್ತು ನಿಮಿಷ ತಡವಾಗಿ ಬರಲಿದೆ. ಉಂಟಾದ ಅನಾನುಕೂಲಕ್ಕೆ ಮಗಳ ಕ್ಷಮೆ ಕೋರುತ್ತೇವೆ." ಮೂಗು ಬಿಟ್ಟ. "ಆಮೇಲೆ ನಾನು ಹೇಳ್ತೀನಿ: ಅತ್ತೇ, ನಿಮ್ಮ ಬಾಯಿ ಮಾತ್ರ ಯಾವತ್ತೂ ವೇಳೆಗಿಂತ ಮುಂಚೇನೇ ಬರುತ್ತೆ!"

ಹೆಂಡತಿ ತುಟಿ ಕಚ್ಚಿಕೊಂಡಳು. ಆಗಲಿಲ್ಲ. ದಿಂಬಿಗೆ ಮುಖ ಒತ್ತಿ ನಗತೊಡಗಿದಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಕಿಟಕಿಯಾಚೆಯ ಗೋಡೆಯನ್ನು ನೋಡಿ ಮೆಲ್ಲಗೆ ಅಂದಳು: "ಕೋಣೆ ಹೋಯ್ತು ಅಂತ್ಲೇ ತಿಳ್ಕೊಳ್ಳಿ."

ಮಂಗಳವಾರ ಬೆಳಿಗ್ಗೆ ಮಂಪರಪ್ಪ ಸೂಪರ್‌ವೈಸರ್ ಮುಂದೆ ಕೈಕಟ್ಟಿ ನಿಂತ. "ಸಾರ್, ಒಂದು ಪಾರ್ಸಲ್ ದಾರೀಲಿ ತಡೀಬೇಕಿತ್ತು."

"ಯಾರ್ದು?"

"ನಂದೇ ಸಾರ್."

ಅವರು ಕನ್ನಡಕ ತೆಗೆದರು. "ಹೋದ ವಾರ ಒಬ್ಬ ಅಜ್ಜಿ ಬಂದು, ಡಬ್ಬೀಲಿ ಕನ್ನಡಕ ಬಿಟ್ಟುಹೋಯ್ತು, ತೆಗೆದುಕೊಡಪ್ಪ ಅಂತ ಅತ್ರು. ನೀವೇನಂದ್ರಿ?"

ಮಂಪರಪ್ಪ ತಲೆ ತಗ್ಗಿಸಿದ. "ಮುದ್ರೆ ಬಿದ್ದ ಮೇಲೆ ಪಾರ್ಸಲ್ ಪಡೆಯೋರ ಸ್ವತ್ತು ಅಂದೆ."

"ಇನ್ನೂ ಏನೋ ಅಂದ್ರಿ. ಚೆನ್ನಾಗಿತ್ತು."

"'ಅಜ್ಜೀ, ನಿಯಮಕ್ಕೆ ಕಣ್ಣಿಲ್ಲ' ಅಂದೆ ಸಾರ್."

"ಹೋಗಿ, ಕೌಂಟರಲ್ಲಿ ಜನ ಕಾಯ್ತಿದ್ದಾರೆ."

ಬುಧವಾರ ಮಧ್ಯಾಹ್ನ ಪಾರ್ಸಲ್ ತಲುಪಿತು. ಕಚೇರಿಯ ಸೇವೆ ಇಷ್ಟು ಚುರುಕಾಗಿದ್ದದ್ದನ್ನು ಮಂಪರಪ್ಪ ಹಿಂದೆಂದೂ ಕಂಡಿರಲಿಲ್ಲ. ಗೋದಾಮಿನ ಮೂಲೆಗೆ ಹೋಗಿ ಅತ್ತೆಗೆ ಕರೆ ಮಾಡಿದ.

"ಅತ್ತೇ, ಫೋನು ಬಂತಾ?"

"ಬಂದಿದೆ ಅಳಿಯಂದಿರೇ. ಒಂದು ಲಕೋಟೆಯೂ ಬಂದಿದೆ. 'ಅತಿ ಮುಖ್ಯ' ಅಂತ ಬರೆದಿದ್ದೀರಿ."

"ಅದೇನೂ ಮುಖ್ಯ ಅಲ್ಲ ಅತ್ತೆ!"

"ಮತ್ತೆ ಯಾಕೆ ಬರೆದ್ರಿ?"

"ಅದು... ತೇವ ಹೀರೋ ಪುಡಿ. ಹೊಸ ಚಪ್ಪಲಿ ಡಬ್ಬೀಲಿ ಇರುತ್ತಲ್ಲ, ಅದು. ಮುಟ್ಬೇಡಿ, ವಿಷ!"

"ಅತ್ತೆಗೆ ವಿಷ ಕಳ್ಸಿ, ಮೇಲೆ 'ಜೋಪಾನ' ಅಂತ ಬರೆದಿದ್ದೀರಾ?"

"ಛೆ ಛೆ! ವಿಷ ಅಂದ್ರೆ ಅಂಥಾ ವಿಷ ಅಲ್ಲ—"

"ಅಳಿಯಂದಿರೇ, ಲಕೋಟೇಲಿ ಇದ್ದದ್ದು ಪುಡಿ ಅಲ್ಲ, ಚಿಕ್ಕ ಕಾರ್ಡು. ಈಗ ತಾನೇ ದಂತವೈದ್ಯರು ಕೋಣೆ ನೋಡೋಕೆ ಬಂದಿದ್ರು. ಅವರೇ ಚಿಮಟ ತಗೊಂಡು ಹಲ್ಲು ಕೂರಿಸೋ ಹಾಗೆ ಕೂರಿಸಿಕೊಟ್ರು. ಒಳ್ಳೆ ಮನುಷ್ಯ."

ಮಂಪರಪ್ಪ ಅಲ್ಲೇ ಇದ್ದ ಪಾರ್ಸಲ್ ಚೀಲದ ಮೇಲೆ ಕುಸಿದ. ಚೀಲದಲ್ಲಿ ಯಾರದೋ ಗಾಜಿನ ಸಾಮಾನಿತ್ತು. ಆ ಕಥೆ ಇಲ್ಲಿ ಬೇಡ.

ಭಾನುವಾರ ಗಂಡಹೆಂಡತಿ ಬಸ್ಸು ಹತ್ತಿದರು. ಎಂದಿನ ಕೊನೆಯ ಸೀಟು. ಕಿಟಕಿಯಾಚೆ ಹೊಲ, ಮರ, ಕೆರೆ ಎಲ್ಲ ಹಿಂದೆ ಹಿಂದೆ ಓಡುತ್ತಿದ್ದವು, ತನ್ನಿಂದ ತಪ್ಪಿಸಿಕೊಂಡು ಓಡುವ ಹಾಗೆ. ಕನಸು ಕಾಣಲು ಹೊರಟರೆ ಎಲ್ಲ ಕನಸಿನಲ್ಲೂ ದಂತವೈದ್ಯರೇ ಕೂತಿದ್ದರು, ರೈಲುಗಳಿಗೆ ಕೈಬೀಸುತ್ತ.

ಅತ್ತೆ ಬಾಗಿಲು ತೆರೆದರು. ಮುಖದಲ್ಲಿ ಕೋಪವೂ ಇಲ್ಲ, ನಗೆಯೂ ಇಲ್ಲ. ರೈಲು ಬರುತ್ತದೋ ಇಲ್ಲವೋ ಎಂದು ತಮಗೆ ಗೊತ್ತಿದ್ದೂ ಪ್ರಯಾಣಿಕರಿಗೆ ಇನ್ನೂ ಹೇಳದವರ ಮುಖ. "ಮಗಳೇ, ಒಲೆ ಮೇಲೆ ಹಾಲಿದೆ ನೋಡ್ಕೋ. ಅಳಿಯಂದಿರು ಮೇಲೆ ಬರಲಿ."

ಮಂಪರಪ್ಪ ಒಂದೊಂದೇ ಮೆಟ್ಟಿಲು ಎಣಿಸುತ್ತ ಹತ್ತಿದ.

ಅತ್ತೆ ಕೋಣೆಯ ಬಾಗಿಲು ದೂಡಿದರು. ಹಗಲಿನ ಬೆಳಕು ಇಡೀ ಕೋಣೆಯಲ್ಲಿ ನೀರಿನ ಹಾಗೆ ನಿಂತಿತ್ತು. ಕಿಟಕಿಗೆ ತಿಳಿನೀಲಿ ಪರದೆ. ಕಿಟಕಿಯ ಬಳಿ ಒಂದು ಬೆತ್ತದ ಕುರ್ಚಿ. ನೇರವಾಗಿ ಅಲ್ಲ, ಸ್ವಲ್ಪ ಎಡಕ್ಕೆ ತಿರುಗಿಸಿದ್ದು. ಪಕ್ಕದಲ್ಲಿ ಎರಡು ಲೋಟ ಇಡುವಷ್ಟೇ ದೊಡ್ಡ ಮೇಜು. ದೂರದಲ್ಲಿ ಒಂದು ರೈಲು ಕೂಗಿತು. ಅದು ಬಂತು, ಪರದೆ ಉಬ್ಬಿತು, ರೈಲು ಹೋಯಿತು, ಪರದೆ ಮತ್ತೆ ಉಸಿರು ಬಿಟ್ಟಿತು. ಕುರ್ಚಿಯನ್ನು ಎಡಕ್ಕೆ ತಿರುಗಿಸಿದರೆ ರೈಲು ಬರುವುದೂ ಹೋಗುವುದೂ ಎರಡೂ ಕಾಣುತ್ತದೆ. ಈ ಲೆಕ್ಕಾಚಾರವನ್ನು ಮಂಪರಪ್ಪ ಈ ಲೋಕದಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ. ಹೇಳಿದ್ದು ಫೋನಿಗೆ ಮಾತ್ರ; ಮಳೆ ಬರುತ್ತಿದ್ದ ಒಂದು ಸಂಜೆ, ಕೊನೆಯ ಸೀಟಿನಲ್ಲಿ, ಪಿಸುದನಿಯಲ್ಲಿ.

"ದಂತವೈದ್ಯರು?" ಎಂದು ಕೇಳಿದ.

"ರೈಲು ಸದ್ದಿಗೆ ನಿದ್ದೆ ಬರಲ್ಲ, ಕಿಟಕಿಗೆ ಇಟ್ಟಿಗೆ ಕಟ್ಟಿಸಿಕೊಡಿ ಅಂದ್ರು. ಬೇರೆ ಮನೆ ನೋಡ್ಕೊಳ್ಳಿ ಅಂದೆ."

ಮಂಪರಪ್ಪ ಮೆಲ್ಲಗೆ ಹೋಗಿ ಕುರ್ಚಿಯ ಬೆನ್ನು ಮುಟ್ಟಿ ನೋಡಿದ. ಕನಸಿನಲ್ಲಿ ಮುಟ್ಟಿದರೆ ಕರಗುತ್ತದೆ, ಇದು ಕರಗಲಿಲ್ಲ. ಅಲ್ಲಿಗೇ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಜನ್ಮ ಸಾರ್ಥಕವಾಗುತ್ತಿತ್ತು. ಆದರೆ ಒಂದು ಪ್ರಶ್ನೆ ಚುಚ್ಚುತ್ತಲೇ ಇತ್ತು. ನೆಲ ನೋಡುತ್ತಾ ಕೇಳಿಯೇಬಿಟ್ಟ:

"ಅತ್ತೇ... ಅದರಲ್ಲಿ ನಾನು ಮೂಗು ಹಿಡ್ಕೊಂಡು ಮಾತಾಡಿದ್ದು... ನಿಮ್ಮ ಹಾಗೆ... ಅದನ್ನೂ ಕೇಳಿದ್ರಾ?"

ಅತ್ತೆ ಕೋಣೆಯ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟರು.

"ಎಲ್ಲಾ ಕೇಳಿದೆ. ನೀವು ಉಸಿರು ತಪ್ಪು ಜಾಗದಲ್ಲಿ ತಗೊಳ್ತೀರಿ, ಮತ್ತೆ ನಾನು ಅದಕ್ಕಿಂತ ಎಷ್ಟೋ ಚೆನ್ನಾಗಿ ಬೈತೀನಿ. ಇಲ್ಲೇ ಬಂದಿರಿ, ದಿನಾ ಕೇಳಿ ಕಲೀತೀರಿ."