ಷಡ್ಡಕನ ಚಿಪ್ಪಿನ ಗುಡ್ಡೆ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರಿಗೆ ಷಡ್ಡಕ ಇರಲಿಕ್ಕಿಲ್ಲ. ನನಗಿದ್ದಾನೆ. ಹೆಂಡತಿಯ ತಂಗಿಯನ್ನು ಮದುವೆಯಾದ ಈ ಸಚಿನ್ ಮಹಾರಾಷ್ಟ್ರ ಕರಾವಳಿಯ ಮಾಲವಣದ ಕಡೆಯವನು, ಒಳ್ಳೆಯ ಹುಡುಗ. ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ಬಾಯ್ತುಂಬ ಬೈದು ಹಗುರಾಗುತ್ತಿದ್ದೆ.

ಮುಂಬೈಯ ಕಾಂದಿವಲಿಯಲ್ಲಿರುವ ನಮ್ಮ ಅತ್ತೆ ಉಡುಪಿಯವರು. ಆಗಾಗ ಭಾನುವಾರ ಅಳಿಯಂದಿರನ್ನು ಕರೆದು ಮರುವಾಯಿ ಸುಕ್ಕ ಬಡಿಸುತ್ತಾರೆ. ಮರುವಾಯಿ ಎಂದರೆ ಕಲ್ಲಿನಂಥ ಚಿಪ್ಪಿನೊಳಗೆ ಉಗುರಿನಷ್ಟು ಮಾಂಸ ಬಚ್ಚಿಟ್ಟುಕೊಂಡ ಜೀವಿ. ಧಾರವಾಡದವನಾದ ನಾನು ಮದುವೆಗೆ ಮುಂಚೆ ಅದನ್ನು ಕಂಡವನೇ ಅಲ್ಲ. ಹೊಸತರಲ್ಲಿ ‘ಚಿಪ್ಪು’ ಎಂದಿದ್ದಕ್ಕೆ ಅತ್ತೆ, “ಚಿಪ್ಪು ಅಂದ್ರೆ ಬಿಸಾಡುವುದು ಮಾರಾಯ್ರೆ, ತಿನ್ನುವುದಕ್ಕೆ ಮರುವಾಯಿ ಅಂತ ಹೇಳ್ಬೇಕು” ಎಂದು ತಿದ್ದಿದ್ದರು. ಹೆಸರು ಕಲಿತೆ. ಊಟ ಮಾಡುವಾಗ ಸದ್ದು ಮಾಡಬಾರದೆಂದು ನಮ್ಮವ್ವ ಕಲಿಸಿದ್ದನ್ನು ಮರೆತು, ಚಿಪ್ಪನ್ನು ತುಟಿಗಿಟ್ಟು ಸೊರ್ರನೆ ಹೀರುವುದನ್ನೂ ಕಲಿತೆ. ಇಷ್ಟೆಲ್ಲ ಆದಮೇಲೆ ಸಚಿನ್ ಬಂದ. ಮೊದಲ ತುತ್ತಿಗೇ, ಮರುವಾಯಿಯನ್ನು ತನ್ನ ಮರಾಠಿ ಹೆಸರಿನಲ್ಲೇ ಕರೆದು, “ಆಯಿ, ತಿಸ್ರ್ಯಾ ಏಕ್ ನಂಬರ್” ಅಂದ. ಮುಂದಿನ ವಾರ ಅತ್ತೆಯ ಫೋನು: “ಇವತ್ತು ತಿಸ್ರ್ಯಾ ಉಂಟು, ಬನ್ನಿ.” ನನಗೆ ಮೈಯೆಲ್ಲ ಉರಿದುಹೋಯಿತು.

ಅನ್ನ, ಪಲ್ಯ ಯಾರೆಷ್ಟು ತಿಂದರೆಂದು ಯಾರಿಗೂ ಗೊತ್ತಾಗುವುದಿಲ್ಲ. ಮರುವಾಯಿ ಹಾಗಲ್ಲ. ತಿಂದ ಚಿಪ್ಪೆಲ್ಲ ತಟ್ಟೆಯ ಪಕ್ಕ ಪೇಪರಿನ ಮೇಲೆ ಗುಡ್ಡೆ ಬೀಳುತ್ತದೆ. ಸಚಿನ್‌ನ ಗುಡ್ಡೆ ನೋಡಿ ಅತ್ತೆ, “ತಿನ್ನುವುದಂದ್ರೆ ಹೀಗೆ” ಎಂದರು. ಪಕ್ಕದಲ್ಲಿ ನನ್ನ ಗುಡ್ಡೆ ಬಡವಾಗಿ ಬಿದ್ದಿತ್ತು. ಆ ಹೊಗಳಿಕೆ ಒಮ್ಮೆಯಾದರೂ ನನಗೆ ಸಿಗಬೇಕೆಂದು ಹಟ ಹುಟ್ಟಿತು.

ಹೋದ ಭಾನುವಾರ ಹೆಂಡತಿ ನೀರು ತರಲು ಎದ್ದಳು. ಸಚಿನ್ ಮೊಬೈಲ್ ನೋಡುತ್ತಿದ್ದ. ಅವಳ ಚಿಪ್ಪುಗಳನ್ನೆಲ್ಲ ಬಾಚಿ ನನ್ನ ಗುಡ್ಡೆಗೆ ಸುರಿದುಕೊಂಡೆ. ಅಷ್ಟರಲ್ಲಿ ಅತ್ತೆ ಪಾತ್ರೆ ಹಿಡಿದು ಬಂದರು.

“ಅಬ್ಬ, ನೋಡಿ ಧಾರವಾಡದವರನ್ನು! ಸಚಿನ್ ಸಹ ಇವರ ಹಿಂದೆ.”

ನಾನು ಸಂಕೋಚ ನಟಿಸುತ್ತ ತಟ್ಟೆ ಮುಂದೆ ಸರಿಸಿದೆ. ಅತ್ತೆಯ ಸೌಟು ನನ್ನನ್ನು ದಾಟಿ ಸಚಿನ್‌ನ ತಟ್ಟೆಗೆ ಹೋಯಿತು. “ನಿಮಗೆ ಹೊಟ್ಟೆ ತುಂಬಿತಲ್ಲ, ಅವನು ಪಾಪ ಸ್ವಲ್ಪವೇ ತಿಂದದ್ದು.” ಆಮೇಲೆ ಹೆಂಡತಿಯ ಖಾಲಿ ಪೇಪರ್ ಕಂಡಿತು. “ನೀನು ಏನೂ ತಿನ್ಲೇ ಇಲ್ವಾ ಮಗಾ?” ಎಂದು ತಳ ಕೆರೆದು ಅವಳಿಗೆ ಹಾಕಿದರು. ಇಷ್ಟು ವರ್ಷ ಎರಡನೇ ಸಲ ಬಡಿಸುವಾಗ ನನಗೇ ಮೊದಲು ಹಾಕುತ್ತಿದ್ದುದು ಹಿರಿಯ ಅಳಿಯನೆಂಬ ಮರ್ಯಾದೆಗೆ ಎಂದುಕೊಂಡಿದ್ದೆ. ಅತ್ತೆ ನೋಡುತ್ತಿದ್ದುದು ಯಾರ ಗುಡ್ಡೆ ಸಣ್ಣದು ಎಂಬುದನ್ನು ಮಾತ್ರ.

ವಿಕ್ರೋಳಿಯ ನಮ್ಮ ಮನೆಗೆ ಮರಳುವಾಗ ದಾದರ್‌ನಲ್ಲಿ ಲೋಕಲ್ ಬದಲಿಸಬೇಕು. ಹಸಿವು ತಡೆಯದೆ ವಡಾಪಾವ್ ಕೊಂಡೆ. “ಅಷ್ಟು ತಿಂದಿದ್ದೀರಿ, ಮತ್ತೆ ಹಸಿವಾ?” ಎಂದು ಹೆಂಡತಿ ಕೇಳಿದಳು. “ಸುಮ್ನ ಬಾಯಿಚಪಲ” ಅಂದೆ. ಅಷ್ಟರಲ್ಲಿ ಫೋನಿಗೆ ಸಚಿನ್‌ನ ಮೆಸೇಜು ಬಂತು. ನನ್ನ ಗುಡ್ಡೆಯ ಫೋಟೋ ತೆಗೆದಿದ್ದಾನೆ, ಕೆಳಗೆ ಕೈಮುಗಿದ ಚಿತ್ರ ಹಾಕಿದ್ದಾನೆ. ಅವನಿಗೆ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ಅದನ್ನು ಕಂಡು ನನಗೆ ಇನ್ನೂ ಹೊಟ್ಟೆ ಉರಿಯಿತು.