ಫ್ಯುಗಾಸಿಟಿಗೆ ಅಡ್ಡ ನಿಂತ ಚಕ್ರದವರಿಗೆ

ಚಳ್ಳಕೆರೆ, ಡಿಸೆಂಬರ್ ೨೦೦೮

ಮಾನ್ಯ ಚಕ್ರ ಮಹಾಶಯರೇ,

ಕಂಪ್ಯೂಟರಿನಲ್ಲಿ ವಿಡಿಯೋ ಮುಂದಕ್ಕೆ ಹೋಗಲಾರದೆ ನಿಂತಾಗಲೆಲ್ಲ ಯಾರೂ ಕರೆಯದಿದ್ದರೂ ಪರದೆಯ ನಟ್ಟನಡುವೆ ಪ್ರತ್ಯಕ್ಷರಾಗಿ ಗಿರಗಿರನೆ ತಿರುಗುವ ತಮಗೆ, ಪಾವಗಡ ರಸ್ತೆಯ ಶಾಯಿಸ್ತಾ ಮಾಡುವ ಅನಂತ ಸಲಾಮುಗಳು. ತಾವು ಕ್ಷೇಮವೇ ಎಂದು ಕೇಳುವುದಿಲ್ಲ. ದಿನಾ ಸಂಜೆ ಕಣ್ಣಾರೆ ನೋಡುತ್ತಲೇ ಇದ್ದೇನೆ.

ನಾನು ಮೊಳಕಾಲ್ಮೂರಿನ ಖಾಸಗಿ ಡಿಪ್ಲೊಮಾ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಎಂ.ಟೆಕ್ ಮುಗಿಸಿದರೆ ಕೆಲಸ ಖಾಯಂ, ಇಲ್ಲವಾದರೆ ಮನೆಯ ದಾರಿ ಎಂದು ಆಡಳಿತ ಮಂಡಳಿಯವರು ನಗುನಗುತ್ತಲೇ ತಿಳಿಸಿದ್ದರು. ಉಳಿದಿದ್ದುದು ಕೆಮಿಕಲ್ ಎಂಜಿನಿಯರಿಂಗ್ ಥರ್ಮೊಡೈನಮಿಕ್ಸ್ ಒಂದೇ ಪತ್ರಿಕೆ, ಅದಕ್ಕೆ ಉಳಿದಿದ್ದುದೂ ಒಂದೇ ಅವಕಾಶ. ಕಡಲೆಕಾಯಿಯಿಂದ ಎಣ್ಣೆ ತೆಗೆಯುವ ಬಗೆಯನ್ನು ಹೇಳಿಕೊಡುವವರು ನಮ್ಮೂರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಅನಿಲವೊಂದು ಇದ್ದ ಜಾಗದಿಂದ ತಪ್ಪಿಸಿಕೊಳ್ಳಲು ಎಷ್ಟು ಹಾತೊರೆಯುತ್ತದೆ ಎಂಬುದರ ಅಳತೆಯಾದ ಫ್ಯುಗಾಸಿಟಿಯನ್ನು ಹೇಳಿಕೊಡುವವರು ಮಾತ್ರ ಒಬ್ಬರೂ ಇಲ್ಲ. ಹಾಗಾಗಿ ದೂರದ ಪ್ರಾಧ್ಯಾಪಕರೊಬ್ಬರು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಪಾಠಗಳನ್ನೇ ನಂಬಿ ಕೂತೆ.

ಪ್ರಾಧ್ಯಾಪಕರು ಬೋರ್ಡಿನ ತುಂಬ ಬರೆದು, ಚಾಕ್‌ಪೀಸ್ ಎತ್ತಿ, "ಇನ್ನು ಫ್ಯುಗಾಸಿಟಿಯ ಸಮೀಕರಣವನ್ನು" ಎಂದು ಬಾಯಿ ತೆರೆದದ್ದೇ ತಡ, ತಾವು ದಯಮಾಡಿಸಿದಿರಿ. ಮೊದಲಿನಿಂದ ಹಾಕಿದರೂ ಅದೇ ಜಾಗ, ಮರುದಿನ ಹಾಕಿದರೂ ಅದೇ ಜಾಗ. ಇಷ್ಟು ಸಮಯಪಾಲನೆ ನಮ್ಮ ಮೊಳಕಾಲ್ಮೂರು ಬಸ್ಸಿಗೂ ಇಲ್ಲವೆಂಬುದನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

ಕಂಪ್ಯೂಟರ್ ಆರಿಸಿ ಎದ್ದು ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅದಕ್ಕೆ ನಮ್ಮ ಅಮ್ಮಿ ಬಿಸ್ಮಿಲ್ಲಾ ಬೀ ಅವರ ಅಪ್ಪಣೆ ಬೇಕು. ಪಾಠ ಶುರುವಾದೊಡನೆ ಅವರು ಅಡುಗೆಮನೆಯಲ್ಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ, ಮನೆಗೆ ಪರಪುರುಷರು ಬಂದಿದ್ದಾರಲ್ಲ! "ಉಸ್ತಾದರು ಬಾಯಿ ತೆಗೆದಿದ್ದಾರೆ, ಈಗ ಬಂದ್ ಮಾಡ್ತೀಯಾ? ತೌಬಾ, ತೌಬಾ!" ಎಂದು ಅಲ್ಲಿಂದಲೇ ಗದರುತ್ತಾರೆ. ಗುರುಗಳು ಮಾತು ಮುಗಿಸುವ ತನಕ ಶಿಷ್ಯೆ ಊಟಕ್ಕೆ ಏಳುವಂತಿಲ್ಲ, ಶಿಷ್ಯೆ ಏಳದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ರೊಟ್ಟಿ ತಣ್ಣಗಾಗಿ ಕೋಣೆಯೊಂದಿಗೆ ಉಷ್ಣ ಸಮತೋಲನಕ್ಕೆ ಬರುವುದನ್ನು ನಾನು ಕಣ್ಣೆದುರೇ ಕಂಡೆ. ಪಕ್ಕದ ಮನೆಯ ಕರಿಯಕ್ಕ ಮಜ್ಜಿಗೆಗೆ ಬಂದವರು ಇಣುಕಿ, "ಅಲ್ಲವ್ವಾ, ನಿಮ್ಮ ಮೇಷ್ಟ್ರು ನಿನ್ನೆಯಿಂದ ಹಂಗೇ ನಿಂತವ್ರಲ್ಲ, ಒಂದು ಕುರ್ಚಿನಾರ ಹಾಕ್ಬಾರ್ದಾ?" ಎಂದು ಕನಿಕರಪಟ್ಟರು.

ಆದರೂ ತಮ್ಮ ಪ್ರತಿಭೆಯನ್ನು ಮೆಚ್ಚದಿರಲಾರೆ. ಏನನ್ನೂ ತಿನ್ನದೆ ಸದಾಕಾಲ ತಿರುಗುವ ಯಂತ್ರ ಅಸಾಧ್ಯವೆಂದು ನನ್ನ ಪಠ್ಯಪುಸ್ತಕ ಘಂಟಾಘೋಷವಾಗಿ ಸಾರಿದೆ. ಅದನ್ನು ಬರೆದ ಪಂಡಿತರು ತಮ್ಮನ್ನು ನೋಡಿರಲಿಲ್ಲ, ಪಾಪ. ಬಿಡುವಿದ್ದಾಗ ನಮ್ಮೂರ ಎಣ್ಣೆ ಗಿರಣಿಗಳನ್ನೂ ಪರಶುರಾಂಪುರದ ಪಂಪ್‌ಸೆಟ್ಟುಗಳನ್ನೂ ತಿರುಗಿಸಿಕೊಟ್ಟರೆ ಇಡೀ ತಾಲ್ಲೂಕು ಋಣಿಯಾಗಿರುತ್ತದೆ. ಅದು ಆಗದಿದ್ದರೆ ಒಂದೇ ಒಂದು ಸಂಜೆ ಹಿಮ್ಮುಖವಾಗಿಯಾದರೂ ತಿರುಗಿ ನನ್ನ ಹೋದ ಸಂಜೆಗಳನ್ನು ಹಿಂದಿರುಗಿಸಿ.

ಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ ಸಿಟ್ಟು ತಡೆಯಲಾರದೆ, ಪ್ರಾಧ್ಯಾಪಕರು ಹೇಳದಿದ್ದರೆ ಬೇಡ ಎಂದು, ತಮ್ಮ ಹಿಂದೆ ಅಲ್ಲಾಡದೆ ನಿಂತಿದ್ದ ಬೋರ್ಡನ್ನು ಹಾಳೆಗೆ ಇಳಿಸಿ ಮುಂದಿನ ಸಾಲು ನಾನೇ ಬರೆದೆ. ತಪ್ಪಾಯಿತು. ಹೊಡೆದುಹಾಕಿ ಮತ್ತೆ ಬರೆದೆ. ಎಷ್ಟೋ ಹಾಳೆ ಹರಿದ ಮೇಲೆ ಸಮೀಕರಣ ಬಂದು ಕೂತಿತು, ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದ ಉತ್ತರಕ್ಕೂ ಹೊಂದಿತು. ಖುಷಿಗೆ ಅಮ್ಮಿಯನ್ನು ತಬ್ಬಿಕೊಂಡುಬಿಟ್ಟೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಮೊನ್ನೆ ಫಲಿತಾಂಶವೂ ಬಂತು. ನಾನು ಪಾಸು, ಕೆಲಸ ಖಾಯಂ.

ಆದರೆ ದೂರು ದೂರೇ. ಪ್ರಾಧ್ಯಾಪಕರ ಬಾಯಿಂದ ಆ ವಾಕ್ಯ ಪೂರ್ತಿಯಾಗಿ ಹೊರಬರಲು ತಾವು ದಾರಿ ಬಿಡಲೇಬೇಕು. ಅಷ್ಟು ಹೊತ್ತು ಬಾಯಿ ತೆರೆದು ನಿಂತ ಹಿರಿಯರು ಅಲ್ಲಿ ಎಂಥ ಅಮೂಲ್ಯ ಮಾತು ಹೇಳಲಿದ್ದರೋ ಎಂಬ ಕೊರಗು ಪಾಸಾದ ಮೇಲೂ ನನ್ನನ್ನು ಬಿಟ್ಟಿಲ್ಲ.

ತಮ್ಮ ಪ್ರದಕ್ಷಿಣೆಯನ್ನು ಕಣ್ಣು ನೋಯುವಷ್ಟು ನೋಡಿದ,
ತಮ್ಮ ವಿಶ್ವಾಸಿ,
ಶಾಯಿಸ್ತಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ತಾವು ಇದ್ದಕ್ಕಿದ್ದಂತೆ ಮಾಯವಾಗಿ ವಿಡಿಯೋ ಓಡಿತು. ಪ್ರಾಧ್ಯಾಪಕರು ವಾಕ್ಯ ಮುಗಿಸಿದರು: "ನೀವೇ ಮನೆಯಲ್ಲಿ ಬಿಡಿಸಿಕೊಳ್ಳಿ, ತೀರಾ ಸುಲಭ." ಆದ್ದರಿಂದ ಮೇಲಿನ ದೂರಿನಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ, ಲಕೋಟೆಯ ಮೇಲೆ ತಮ್ಮ ಹೆಸರು ಹೊಡೆದುಹಾಕಿ ಅವರ ಹೆಸರು ಬರೆದಿದ್ದೇನೆ, ಅಷ್ಟೇ.